ಎಸ್‌ಎಸ್‌ಡಿಗೆ ಎಷ್ಟು ಹೋಳು?

ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್ಪಿನಲ್ಲಿ ಮಾಹಿತಿ ಇಡುವ ಡಿಸ್ಕ್) ಹಾಕಿಸಿಕೊಂಡವರ ಪ್ರಶ್ನೆಗಳೇ ಈ ಸಲ ಹೆಚ್ಚು ಬಂದಿವೆ. ಬಹುತೇಕ ಎಲ್ಲವೂ ಪಾರ್ಟಿಶನ್, ಅಂದರೆ ಒಂದೇ ಡಿಸ್ಕನ್ನು ಸಿ, ಡಿ ಎಂದು ಹೋಳು ಮಾಡುವುದರ ಬಗ್ಗೆಯೇ. ಒಂದೇ ತೆರನಾದವನ್ನು ಒಟ್ಟುಗೂಡಿಸಿ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಆರು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇವೆ. ಮೊದಲ ಪತ್ರದ ಭಾಷೆಯನ್ನು ತಿದ್ದಿಲ್ಲ.

ಪ್ರಶ್ನೆ: ಸರ್, ವಿಜಯಪುರದಾಗ ನಮ್ಮದು ಡಿಟಿಪಿ ಅಂಗಡಿ ಐತ್ರಿ. ಲಗ್ನಪತ್ರಿಕಿ, ಬ್ಯಾನರ್ ಕೆಲಸ. ಹಳೇ 500 ಜಿಬಿ ಹಾರ್ಡ್‌ಡಿಸ್ಕ್ ತಗಸಿ 500 ಜಿಬಿ ಎಸ್‌ಎಸ್‌ಡಿ ಹಾಕಿಸೀನಿ. ಮೊದಲಿದ್ದಂಗನ ಸಿ, ಡಿ, ಇ, ಎಫ್ ಅಂತ ನಾಕು ಪಾರ್ಟಿಶನ್ ಮಾಡಿ ಕೊಟ್ಟಾರ. ಸಿ 75 ಜಿಬಿ, ಉಳದ ಮೂರೂ 130-130. ಎರಡು ತಿಂಗಳು ಭಾಳ ಛಲೋ ಓಡ್ತು. ಈಗ ಸಿ ಕೆಂಪಗಾಗೈತಿ, 3 ಜಿಬಿ ಅಷ್ಟ ಉಳದೈತಿ, ಕೋರಲ್‌ಡ್ರಾ ಹ್ಯಾಂಗ್ ಆಗ್ತೈತಿ. ಎಫ್ ಅಂತೂ ಖಾಲಿನ ಬಿದ್ದೈತಿ. ಎಸ್‌ಎಸ್‌ಡಿ ಹಾಳಾತೇನ್ರಿ? ಇವುಗಳೊಳಗ ಯಾವ ಪಾರ್ಟಿಶನ್ ಜೋರ್ ಓಡ್ತೈತಿ ಹೇಳ್ರಿ, ಕೆಲಸದ ಫೈಲ್ ಅದರಾಗ ಇಡ್ತೀನಿ.
— ಡಿಟಿಪಿ ಅಂಗಡಿಯವರು, ವಿಜಯಪುರ

ಉತ್ತರ: ಎಸ್‌ಎಸ್‌ಡಿ ಹಾಳಾಗಿಲ್ಲ. ಜೋರಾಗಿ ಓಡುವ ಪಾರ್ಟಿಶನ್ ಅಂತ ಎಸ್‌ಎಸ್‌ಡಿಯಲ್ಲಿ ಯಾವುದೂ ಇಲ್ಲ. ಹಾರ್ಡ್‌ಡಿಸ್ಕಿನಲ್ಲಿ ಇತ್ತು. ತಿರುಗುವ ತಟ್ಟೆಯ ಹೊರ ಅಂಚಿನಲ್ಲಿ ಒಂದು ಸುತ್ತಿಗೆ ಹೆಚ್ಚು ಮಾಹಿತಿ ಹಿಡಿಯುತ್ತಿತ್ತು. ಮೊದಲ ಪಾರ್ಟಿಶನ್ನಾದ ಸಿ ಅಲ್ಲೇ ಕೂರುತ್ತಿತ್ತು, ಕೊನೆಯ ಎಫ್ ಒಳಸುತ್ತಿಗೆ ಹೋಗಿ ನಿಧಾನವಾಗುತ್ತಿತ್ತು. ಸಿ ಚಿಕ್ಕದಿದ್ದರೆ ಓದುವ ಮುಳ್ಳು ಆಚೀಚೆ ಓಡಾಡುವ ದೂರವೂ ಕಡಿಮೆ. ಹಾಗಾಗಿ ನಾಲ್ಕು ಹೋಳು ಮಾಡುವುದಕ್ಕೆ ಆಗ ಅರ್ಥವಿತ್ತು. ರಿಪೇರಿ ಅಂಗಡಿಗಳಲ್ಲಿ ಆ ಕೈರೂಢಿ ಇನ್ನೂ ಹೋಗಿಲ್ಲ, ಅಷ್ಟೆ.

ಎಸ್‌ಎಸ್‌ಡಿಯೊಳಗೆ ತಟ್ಟೆಯೂ ಇಲ್ಲ, ಮುಳ್ಳೂ ಇಲ್ಲ. ಇರುವುದು ಫ್ಲ್ಯಾಶ್ ಚಿಪ್ಪುಗಳು ಮತ್ತು ಅವುಗಳ ಲೆಕ್ಕ ಇಡುವ ಕಂಟ್ರೋಲರ್. ನೀವು ‘ಡಿ’ಯಲ್ಲಿ ಉಳಿಸಿದ ಫೈಲನ್ನು ಕಂಟ್ರೋಲರ್ ತನಗೆ ಸರಿ ಕಂಡ ಚಿಪ್ಪಿನಲ್ಲಿ ಇಡುತ್ತದೆ. ನಾಳೆ ಅದನ್ನೇ ಬೇರೆಡೆಗೆ ಸರಿಸಲೂಬಹುದು. ಎಲ್ಲ ಚಿಪ್ಪುಗಳೂ ಸಮನಾಗಿ ಸವೆಯಲಿ ಎಂದು ಇಡೀ ಡ್ರೈವಿನ ತುಂಬ ಹಂಚುತ್ತಲೇ ಇರುತ್ತದೆ. ಸಿ, ಡಿ, ಇ, ಎಫ್ ಎನ್ನುವುದು ವಿಂಡೋಸ್ ತನ್ನ ವಹಿಯಲ್ಲಿ ಎಳೆದುಕೊಂಡ ಗೆರೆ. ಚಿಪ್ಪಿನ ಮೇಲೆ ಅಂಥ ಗೆರೆ ಇಲ್ಲ. ‘ಸಿ’ಯಲ್ಲಿ ಬಹಳ ಬರೆದರೆ ಆ ಭಾಗ ಬೇಗ ಸವೆಯುತ್ತದೆ ಎಂದು ಇನ್ನೊಬ್ಬರು ಬರೆದಿದ್ದಾರೆ. ಅದೂ ಇದೇ ಕಾರಣಕ್ಕೆ ತಪ್ಪು.

ಹಾಗಾದರೆ ನಿಮ್ಮ ಕಂಪ್ಯೂಟರ್ ನಿಧಾನವಾದದ್ದೇಕೆ? ಇಲ್ಲಿ ಎರಡು ತರಹದ ‘ತುಂಬಿದ್ದು’ ಇದೆ, ಬೇರೆ ಬೇರೆ ಮಾಡಿ ನೋಡಬೇಕು. ನಾಲ್ಕೂ ಪಾರ್ಟಿಶನ್ ತುಂಬಿದ್ದರೆ ತೊಂದರೆ ಎಸ್‌ಎಸ್‌ಡಿಯದು. ‘ಸಿ’ ಒಂದೇ ತುಂಬಿ ಉಳಿದವು ಖಾಲಿ ಇದ್ದರೆ ಎಸ್‌ಎಸ್‌ಡಿ ಆರಾಮಾಗಿಯೇ ಇದೆ, ಉಸಿರು ಕಟ್ಟಿದ್ದು ವಿಂಡೋಸಿಗೆ. ರ‍್ಯಾಮ್ ಸಾಲದಾದಾಗ ಬಳಸುವ ಪೇಜ್ ಫೈಲ್ ಬೆಳೆಯಲು ಜಾಗವಿಲ್ಲ, ಅಪ್‌ಡೇಟ್ ಬಿಚ್ಚಿಕೊಳ್ಳಲು ಜಾಗವಿಲ್ಲ, ದೊಡ್ಡ ಬ್ಯಾನರ್ ತೆರೆದಾಗ ಕೋರಲ್ ಬರೆಯುವ ತಾತ್ಕಾಲಿಕ ಫೈಲಿಗೂ ಜಾಗವಿಲ್ಲ. ನಿಮ್ಮದು ಈ ಎರಡನೆಯ ತರಹ.

ಮೊದಲು ಸುಲಭದ ಕೆಲಸ. ಡಿಸ್ಕ್ ಕ್ಲೀನಪ್ ತೆರೆದು ‘ಕ್ಲೀನಪ್ ಸಿಸ್ಟಮ್ ಫೈಲ್ಸ್’ ಒತ್ತಿ. ‘ಪ್ರೀವಿಯಸ್ ವಿಂಡೋಸ್ ಇನ್‌ಸ್ಟಾಲೇಶನ್’ ಎಂದು ಕಂಡರೆ ಅದೊಂದೇ ಹತ್ತಿಪ್ಪತ್ತು ಜಿಬಿ ತಿಂದಿರುತ್ತದೆ. ಆಮೇಲೆ ಡೆಸ್ಕ್‌ಟಾಪ್ ನೋಡಿ. ಡಿಟಿಪಿ ಅಂಗಡಿಗಳಲ್ಲಿ ಗಿರಾಕಿಯ ಫೋಟೊ, ಪ್ರೂಫ್, ಪಿಡಿಎಫ್ ಎಲ್ಲ ಡೆಸ್ಕ್‌ಟಾಪ್ ಮೇಲೆಯೇ ಬಿದ್ದಿರುತ್ತವೆ. ಡೆಸ್ಕ್‌ಟಾಪ್ ಎಂದರೆ ‘ಸಿ’ಯೇ. ಡೌನ್‌ಲೋಡ್ಸ್ ಕೂಡ. ಫೈಲ್ ಎಕ್ಸ್‌ಪ್ಲೋರರಿನಲ್ಲಿ ಡೆಸ್ಕ್‌ಟಾಪ್ ಮೇಲೆ ಬಲಗ್ಲಿಕ್ ಮಾಡಿ ಪ್ರಾಪರ್ಟೀಸ್, ಅದರಲ್ಲಿ ಲೊಕೇಶನ್, ಅದರಲ್ಲಿ ಮೂವ್ ಒತ್ತಿ, ಬೇರೆ ಪಾರ್ಟಿಶನ್ನಿನಲ್ಲಿ ಹೊಸ ಫೋಲ್ಡರ್ ಮಾಡಿ ಅದನ್ನು ತೋರಿಸಿ. ಬರೀ ‘ಇ’ ಅಂತ ಡ್ರೈವನ್ನೇ ತೋರಿಸಿಬಿಡಬೇಡಿ. ಹಾಗೆ ಮಾಡಿದರೆ ಇಡೀ ಇ ಡ್ರೈವೇ ಡೆಸ್ಕ್‌ಟಾಪ್ ಆಗಿ ಕೂರುತ್ತದೆ, ಬಿಡಿಸುವುದು ತಲೆನೋವು. ಕೋರಲ್‌ನ ಆಪ್ಶನ್ಸ್‌ನಲ್ಲಿ ‘ಮೆಮೊರಿ’ ಎಂಬಲ್ಲಿ ಸ್ವ್ಯಾಪ್ ಡಿಸ್ಕ್ ಯಾವುದೆಂದು ಕೇಳುತ್ತದೆ. ಸದ್ಯಕ್ಕೆ ಎಫ್ ಕೊಡಿ.

ಇನ್ನು ಕಾಯಂ ಇಲಾಜು: ಡಿ ತೆಗೆದು ಸಿ ದೊಡ್ಡದು ಮಾಡುವುದು. ಎಲ್ಲ ಫೈಲುಗಳನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ನಾಲ್ಕಾರು ಫೈಲ್ ತೆರೆದು ನೋಡಿದ ಮೇಲೆಯೇ ಮುಂದಿನ ಹೆಜ್ಜೆ. ನುಡಿ ಫಾಂಟುಗಳನ್ನೂ ಕಾಪಿ ಮಾಡಿಟ್ಟುಕೊಳ್ಳಿ. ಅವು ‘ಸಿ’ಯ ವಿಂಡೋಸ್ ಫೋಲ್ಡರಿನೊಳಗೆ ಫಾಂಟ್ಸ್ ಎಂಬಲ್ಲಿರುತ್ತವೆ. ಹೆಚ್ಚುಕಡಿಮೆಯಾಗಿ ವಿಂಡೋಸ್ ಮತ್ತೆ ಹಾಕಬೇಕಾಗಿ ಬಂದರೆ, ಹಳೆಯ ಲಗ್ನಪತ್ರಿಕೆಯ ಫೈಲ್ ತೆರೆದಾಗ ಕನ್ನಡದ ಬದಲು ಚಿತ್ರವಿಚಿತ್ರ ಅಕ್ಷರ ಕಾಣುವುದು ಇವು ಇಲ್ಲದ್ದರಿಂದಲೇ.

ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಪ್ರತಿ ಹೋಳಿನ ನೆತ್ತಿಯ ಮೇಲಿರುವ ಬಣ್ಣದ ಪಟ್ಟಿ ಗಮನಿಸಿ. ಎಲ್ಲವೂ ಕಡುನೀಲಿಯಾಗಿದ್ದರೆ ಕೆಲಸ ಸಲೀಸು. ‘ಡಿ’ಯ ಫೈಲುಗಳನ್ನು ‘ಎಫ್’ಗೆ ಸಾಗಿಸಿ, ‘ಡಿ’ ಮೇಲೆ ಬಲಗ್ಲಿಕ್ ಮಾಡಿ ಡಿಲೀಟ್ ವಾಲ್ಯೂಮ್ ಕೊಡಿ. ಅದು ಕಪ್ಪು ಪಟ್ಟಿಯ ‘ಅನ್‌ಅಲೊಕೇಟೆಡ್’ ಆಗುತ್ತದೆ. ‘ಸಿ’ ಮೇಲೆ ಬಲಗ್ಲಿಕ್ ಮಾಡಿ ಎಕ್ಸ್‌ಟೆಂಡ್ ವಾಲ್ಯೂಮ್ ಕೊಟ್ಟರೆ 205 ಜಿಬಿ ಆಯಿತು. ಹಾಗೆಯೇ ಎಫ್ ಖಾಲಿ ಮಾಡಿ ಡಿಲೀಟ್ ಹೊಡೆದು ‘ಇ’ಗೆ ಕೂಡಿಸಿದರೆ ಅದು 260. ಎರಡೇ ಹೋಳು, ಸಾಕು.

ಆದರೆ ಡಿ, ಇ, ಎಫ್ ಮೂರನ್ನೂ ಒಂದು ಹಸಿರು ಚೌಕಟ್ಟು ಸುತ್ತುವರಿದು, ಅವುಗಳ ಪಟ್ಟಿ ತಿಳಿನೀಲಿ ಇದ್ದರೆ ನಿಮ್ಮ ಡಿಸ್ಕ್ ಹೋಳುಗಳ ಪಟ್ಟಿ ಇಡುವ ಹಳೆಯ ಎಂಬಿಆರ್ ಪದ್ಧತಿಯದು. ಎಂಬಿಆರ್‌ನಲ್ಲಿ ನಾಲ್ಕಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಶನ್ ಮಾಡಲು ಬರುವುದಿಲ್ಲ. ಅದಕ್ಕೇ ಮೂರನ್ನೂ ‘ಎಕ್ಸ್‌ಟೆಂಡೆಡ್’ ಎಂಬ ಒಂದು ಗೂಡಿನೊಳಗೆ ಕೂರಿಸಿರುತ್ತಾರೆ. ಆಗ ಡಿ ಅಳಿಸಿದರೆ ಸಿಗುವುದು ಕಪ್ಪು ಪಟ್ಟಿಯಲ್ಲ, ತಿಳಿಹಸಿರು ‘ಫ್ರೀ ಸ್ಪೇಸ್’. ಅದು ಗೂಡಿನೊಳಗಿನ ಜಾಗ, ಗೂಡಿನ ಹೊರಗಿರುವ ಸಿ ಅದನ್ನು ಮುಟ್ಟಲಾರದು. ಎಕ್ಸ್‌ಟೆಂಡ್ ವಾಲ್ಯೂಮ್ ಮಬ್ಬಾಗಿಯೇ ಉಳಿಯುತ್ತದೆ. ಡಿ ಡಿಲೀಟ್ ಮಾಡಿದರೂ ಸಿ ಬೆಳೆಯಲಿಲ್ಲ ಎಂದು ಬರುವ ಪತ್ರಗಳೆಲ್ಲ ಇದೇ ಕಥೆ. ಮೂರನ್ನೂ ಅಳಿಸಿ, ಗೂಡನ್ನೂ ಅಳಿಸಿ, ಆಮೇಲೆ ಸಿ ಬೆಳೆಸಿ ಉಳಿದದ್ದಕ್ಕೆ ಹೊಸ ಹೋಳು ಮಾಡಬೇಕು. ಮೊದಲು ಬ್ಯಾಕಪ್ ಅಂದದ್ದು ಇದಕ್ಕೇ.

ಇನ್ನೊಂದು ಅಡ್ಡಿ: ‘ಸಿ’ ಮತ್ತು ‘ಡಿ’ ನಡುವೆ 500 ಎಂಬಿ ಆಸುಪಾಸಿನ ರಿಕವರಿ ಪಾರ್ಟಿಶನ್ ಕೂತಿದ್ದರೂ ಸಿ ಬೆಳೆಯುವುದಿಲ್ಲ. ವಿಂಡೋಸಿಗೆ ಬಲಗಡೆ ಅಂಟಿಕೊಂಡ ಜಾಗ ಮಾತ್ರ ಬೇಕು. ಜಿಪಾರ್ಟೆಡ್ ಎಂಬ ಪಾರ್ಟಿಶನ್ ತಂತ್ರಾಂಶ ಇರುವ ಪೆನ್‌ಡ್ರೈವಿನಿಂದ ಬೂಟ್ ಮಾಡಿ ರಿಕವರಿಯನ್ನು ಬಲಕ್ಕೆ ಸರಿಸಬೇಕಾಗುತ್ತದೆ. ಸರಿಸುವಾಗ ಕರೆಂಟ್ ಹೋಗಬಾರದು, ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ಅಡ್ಡವಾಯಿತೆಂದು ರಿಕವರಿಯನ್ನು ಅಳಿಸಿಬಿಡುವವರೂ ಇದ್ದಾರೆ. ಮುಂದೆ ವಿಂಡೋಸ್ ಬೂಟ್ ಆಗದಿದ್ದಾಗ ರಿಪೇರಿಗೆ ಬೇಕಾಗುವುದು ಅದೇ. ಅದನ್ನು ತೀರ ಚಿಕ್ಕದು ಮಾಡುವುದೂ ಬೇಡ. 2024ರ ಜನವರಿಯಲ್ಲಿ ಬಂದ ವಿಂಡೋಸ್ 10ರ ಒಂದು ಭದ್ರತಾ ಅಪ್‌ಡೇಟಿಗೆ ರಿಕವರಿಯಲ್ಲಿ 250 ಎಂಬಿ ಖಾಲಿ ಬೇಕಿತ್ತು. ಅಷ್ಟು ಇಲ್ಲದವರ ಕಂಪ್ಯೂಟರುಗಳಲ್ಲಿ ಅದು ಪದೇ ಪದೇ ಫೇಲ್ ಆಯಿತು.

ಪ್ರಶ್ನೆ: ಬಾಗಲಕೋಟೆಯಲ್ಲಿ ನಮ್ಮದು ಇಳಕಲ್ ಸೀರೆ, ಗುಳೇದಗುಡ್ಡ ಖಣದ ಸಗಟು ವ್ಯಾಪಾರ. ಲೆಕ್ಕಪತ್ರವೆಲ್ಲ ಟ್ಯಾಲಿಯಲ್ಲಿ. ಹತ್ತು ವರ್ಷಕ್ಕೂ ಹಳೆಯ ಕಂಪ್ಯೂಟರಿಗೆ 240 ಜಿಬಿ ಎಸ್‌ಎಸ್‌ಡಿ ಹಾಕಿ, ಹಳೆ ಡಿಸ್ಕನ್ನು ಇದ್ದ ಹಾಗೆ ಕ್ಲೋನ್ ಮಾಡಿಸಿದೆವು. ಮೊದಲಿಗಿಂತ ಜೋರು, ನಿಜ. ಆದರೆ ಬಿಲ್ ಸೇವ್ ಮಾಡುವಾಗ ತಡೆತಡೆದು ನಿಲ್ಲುತ್ತದೆ. ‘ಅಲೈನ್‌ಮೆಂಟ್ ತಪ್ಪಿದೆ’ ಎಂದು ಪರಿಚಯದ ಹುಡುಗನೊಬ್ಬ ಹೇಳುತ್ತಾನೆ. ಅದೇನು, ಹೇಗೆ ನೋಡುವುದು?
— ಬಟ್ಟೆ ವ್ಯಾಪಾರಿ, ಬಾಗಲಕೋಟೆ

ಉತ್ತರ: ಹುಡುಗ ಹೇಳಿದ್ದು ಸರಿಯಿರಬಹುದು. ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಸ್ಟಾರ್ಟ್‌ನಲ್ಲಿ ‘ಸಿಸ್ಟಮ್ ಇನ್ಫರ್ಮೇಶನ್’ ಎಂದು ಹುಡುಕಿ ತೆರೆಯಿರಿ. ಎಡಗಡೆ ಕಾಂಪೊನೆಂಟ್ಸ್, ಅದರಲ್ಲಿ ಸ್ಟೋರೇಜ್, ಅದರಲ್ಲಿ ಡಿಸ್ಕ್ಸ್. ಬಲಗಡೆ ‘ಪಾರ್ಟಿಶನ್ ಸ್ಟಾರ್ಟಿಂಗ್ ಆಫ್‌ಸೆಟ್’ ಎಂಬ ಸಾಲು ಪ್ರತಿ ಪಾರ್ಟಿಶನ್ನಿಗೂ ಒಂದೊಂದಿರುತ್ತದೆ. ಅಲ್ಲಿರುವ ಸಂಖ್ಯೆಯನ್ನು ಕ್ಯಾಲ್ಕ್ಯುಲೇಟರಿನಲ್ಲಿ 4096ರಿಂದ ಭಾಗಿಸಿ. 10,48,576 ಇದ್ದರೆ ಉತ್ತರ 256, ಶೇಷವಿಲ್ಲ, ಸರಿಯಿದೆ. 32,256 ಇದ್ದರೆ ಉತ್ತರ 7.875. ಇದೇ ತಪ್ಪಿದ ಅಲೈನ್‌ಮೆಂಟ್.

ಈ 32,256 ಬಂದದ್ದು ವಿಂಡೋಸ್ ಎಕ್ಸ್‌ಪಿ ಕಾಲದಿಂದ. ಎಕ್ಸ್‌ಪಿ ಮೊದಲ ಪಾರ್ಟಿಶನ್ನನ್ನು 63ನೇ ಸೆಕ್ಟರಿನಿಂದ ಶುರು ಮಾಡುತ್ತಿತ್ತು. ಸೆಕ್ಟರಿಗೆ 512 ಬೈಟ್, 63ರಿಂದ ಗುಣಿಸಿ ನೋಡಿ. ಆಮೇಲೆ ಬಂದ ವಿಂಡೋಸ್ ವಿಸ್ತಾದಿಂದ ಈಚೆಗೆ 1 ಎಂಬಿಯಿಂದ ಶುರು. ಎಕ್ಸ್‌ಪಿ ಇದ್ದಾಗ ಮಾಡಿದ ಪಾರ್ಟಿಶನ್ನಿನ ಮೇಲೆಯೇ ವಿಂಡೋಸ್ 7 ಹಾಕಿ, ಅದನ್ನೇ ಇದ್ದ ಹಾಗೆ ಕ್ಲೋನ್ ಮಾಡಿದರೆ ಹಳೆಯ ಗೆರೆಯೂ ಜೊತೆಗೇ ಬರುತ್ತದೆ.

ಬಿಲ್ ಸೇವ್ ಆಗುವಾಗಲೇ ತಡೆಯಾಗುವುದು ಏಕೆ? ವಿಂಡೋಸ್ 4 ಕೆಬಿಯ ತುಣುಕುಗಳಲ್ಲಿ ಬರೆಯುತ್ತದೆ. ಎಸ್‌ಎಸ್‌ಡಿಯ ಲೆಕ್ಕವೂ ಸಾಮಾನ್ಯವಾಗಿ 4 ಕೆಬಿ ಮನೆಗಳಲ್ಲೇ. ಶುರುವಿನ ಗೆರೆ ಓರೆಯಾದರೆ ವಿಂಡೋಸಿನ ಪ್ರತಿ ತುಣುಕೂ ಎಸ್‌ಎಸ್‌ಡಿಯ ಎರಡು ಮನೆಗಳ ಮೇಲೆ ಕಾಲು ಚಾಚುತ್ತದೆ. ಒಂದು ತುಣುಕು ಬದಲಿಸಬೇಕಾದರೆ ಎರಡೂ ಮನೆಯದನ್ನು ಓದಿ, ತಿದ್ದಿ, ಎರಡನ್ನೂ ಹೊಸದಾಗಿ ಬರೆಯಬೇಕು. ದೊಡ್ಡ ಸಿನಿಮಾ ಫೈಲ್ ಕಾಪಿ ಮಾಡುವಾಗ ಇದು ಅಷ್ಟು ಕಾಣದು. ಟ್ಯಾಲಿಯಂಥ ಲೆಕ್ಕದ ತಂತ್ರಾಂಶ ಚಿಕ್ಕಚಿಕ್ಕದಾಗಿ ಮೇಲಿಂದ ಮೇಲೆ ಬರೆಯುತ್ತದೆ, ಅಲ್ಲಿ ಎದ್ದು ಕಾಣುತ್ತದೆ. ಸವೆತವೂ ಹೆಚ್ಚು.

ಸರಿಪಡಿಸಲು ಒಳ್ಳೆಯ ದಾರಿ ಎಂದರೆ ಹೊಸದಾಗಿ ವಿಂಡೋಸ್ ಹಾಕುವುದೇ. ಸೆಟಪ್ ಹೊತ್ತಿನಲ್ಲಿ ಆ ಡಿಸ್ಕಿನ ಎಲ್ಲ ಪಾರ್ಟಿಶನ್ನುಗಳನ್ನೂ ಅಳಿಸಿ, ಖಾಲಿ ಜಾಗದ ಮೇಲೆ ಹೊಸತು ಮಾಡಿದರೆ ಅಲೈನ್‌ಮೆಂಟ್ ತಾನೇ ಸರಿಯಾಗುತ್ತದೆ. ಹಳೆಯ ಪಾರ್ಟಿಶನ್ನಿಗೆ ಬರೀ ಫಾರ್ಮ್ಯಾಟ್ ಹೊಡೆದರೆ ಗೆರೆ ಅಲ್ಲೇ ಇರುತ್ತದೆ. ಅದಕ್ಕೆ ಮೊದಲು ಟ್ಯಾಲಿ ಪ್ರೈಮಿನಲ್ಲಿ ಆಲ್ಟ್ ಜೊತೆ ವೈ ಒತ್ತಿ ಡೇಟಾದಲ್ಲಿ ಬ್ಯಾಕಪ್ ತೆಗೆದು ಪೆನ್‌ಡ್ರೈವಿನಲ್ಲಿಡಿ, ಸಾಧ್ಯವಾದರೆ ಬೇರೊಂದು ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ ನೋಡಿ. ಹೊಸದಾಗಿ ಹಾಕುವುದು ಬೇಡವೆನ್ನುವವರು ಜಿಪಾರ್ಟೆಡ್‌ನಲ್ಲಿ ಪಾರ್ಟಿಶನ್ನನ್ನು ಸ್ವಲ್ಪ ಬಲಕ್ಕೆ ಸರಿಸಿ ‘ಅಲೈನ್ ಟು ಎಂಐಬಿ’ ಎಂದು ಆರಿಸಬಹುದು. ಇಡೀ ಪಾರ್ಟಿಶನ್ ಕದಲುವುದರಿಂದ ಗಂಟೆಗಟ್ಟಲೆ ಹಿಡಿಯಬಹುದು. ಮುಗಿದ ಮೇಲೆ ವಿಂಡೋಸ್ ಏಳದೆ ಸ್ಟಾರ್ಟಪ್ ರಿಪೇರ್ ಮಾಡಬೇಕಾಗುವುದೂ ಉಂಟು.

ಜೊತೆಗೆ ಬಯಾಸ್‌ನಲ್ಲಿ (ವಿಂಡೋಸ್ ಏಳುವ ಮೊದಲೇ ತೆರೆಯುವ ಸೆಟ್ಟಿಂಗ್ಸ್) ಡಿಸ್ಕಿನೊಡನೆ ಮಾತಾಡುವ ಕ್ರಮ, ಅಂದರೆ ಸಾಟಾ ಮೋಡ್ ‘ಐಡಿಇ’ ಎಂದಿದೆಯೋ ‘ಎಎಚ್‌ಸಿಐ’ ಎಂದಿದೆಯೋ ನೋಡಿ. ನಿಮ್ಮದರಷ್ಟು ಹಳೆಯ ಕಂಪ್ಯೂಟರುಗಳಲ್ಲಿ ಐಡಿಇ ಇರುವುದು ಮಾಮೂಲು. ಎಎಚ್‌ಸಿಐ ಇದ್ದರೆ ಒಂದೇ ಸಲಕ್ಕೆ ಹಲವು ಬೇಡಿಕೆಗಳನ್ನು ಸಾಲುಗಟ್ಟಿ ಕಳಿಸಬಹುದು. ಆದರೆ ನಡುವೆ ಬದಲಿಸಿದರೆ ನೀಲಿ ಪರದೆ ಬಂದು ನಿಂತೀತು. ಹೊಸ ವಿಂಡೋಸ್ ಹಾಕುವ ಮುಂಚೆ ಬದಲಿಸಿಬಿಡಿ. ಮದರ್‌ಬೋರ್ಡಿನ ಪೋರ್ಟ್ ಸೆಕೆಂಡಿಗೆ 3 ಗಿಗಾಬಿಟ್‌ನದಾದರೆ ಎಸ್‌ಎಸ್‌ಡಿ ಪೆಟ್ಟಿಗೆಯ ಮೇಲೆ ಬರೆದ 550 ಎಂಬಿ ವೇಗ ಬರುವುದಿಲ್ಲ, ಅರ್ಧಕ್ಕೆ ನಿಲ್ಲುತ್ತದೆ. ಟ್ಯಾಲಿಗೆ ಅದರಿಂದ ಏನೂ ಬಾಧಕವಿಲ್ಲ.

ಪ್ರಶ್ನೆ: ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಲ್ಯಾಪ್‌ಟಾಪಿನಲ್ಲಿ 512 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ ಇದೆ, ವಿಂಡೋಸ್ 11, ಸಿ ಒಂದೇ. ಲ್ಯಾಬ್ ಕೆಲಸಕ್ಕೆ ಉಬುಂಟು ಲಿನಕ್ಸ್ ಬೇಕು. 300 ಜಿಬಿ ಖಾಲಿಯಿದ್ದರೂ ಶ್ರಿಂಕ್ ಮಾಡಲು ಹೋದರೆ 18 ಜಿಬಿ ಮಾತ್ರ ಬಿಡುತ್ತೇನೆ ಅನ್ನುತ್ತದೆ. ಯಾವುದಕ್ಕೆ ಎಷ್ಟು ಜಾಗ ಕೊಡಲಿ?
— ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಮೊದಲು ಬಿಟ್‌ಲಾಕರ್, ಅಂದರೆ ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ. ಹೊಸ ಲ್ಯಾಪ್‌ಟಾಪುಗಳಲ್ಲಿ ನಿಮಗೆ ಗೊತ್ತಿಲ್ಲದೆಯೇ ಡಿವೈಸ್ ಎನ್‌ಕ್ರಿಪ್ಶನ್ ಆನ್ ಆಗಿರುತ್ತದೆ. ಬಯಾಸ್ ಅಥವಾ ಬೂಟ್ ಕ್ರಮ ಮುಟ್ಟಿದೊಡನೆ ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಮೈಕ್ರೋಸಾಫ್ಟ್ ಖಾತೆಯಲ್ಲಿರುವ ಆ ಕೀಯನ್ನು ಕಾಗದದ ಮೇಲೆ ಬರೆದುಕೊಂಡ ಮೇಲೆಯೇ ಮುಂದುವರಿಯಿರಿ.

18 ಜಿಬಿಯ ಕಾರಣ: ಶ್ರಿಂಕ್ ಎಂದರೆ ಬಲತುದಿಯಿಂದ ಕತ್ತರಿಸುವುದು. ಆ ತುದಿಯ ಹತ್ತಿರ ಪೇಜ್ ಫೈಲೋ, ಹೈಬರ್ನೇಶನ್ ಫೈಲೋ, ಸಿಸ್ಟಮ್ ರಿಸ್ಟೋರಿನ ತುಣುಕೋ ಕೂತಿದ್ದರೆ ವಿಂಡೋಸ್ ನಡೆಯುತ್ತಿರುವಾಗ ಅವನ್ನು ಎಬ್ಬಿಸಲಾಗದು. ಸಿಸ್ಟಮ್ ಪ್ರೊಟೆಕ್ಶನ್, ಹೈಬರ್ನೇಶನ್, ಪೇಜ್ ಫೈಲ್ ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ ರಿಸ್ಟಾರ್ಟ್ ಮಾಡಿ, ಶ್ರಿಂಕ್ ಮುಗಿಸಿ, ಪೇಜ್ ಫೈಲ್ ಮತ್ತು ಸಿಸ್ಟಮ್ ಪ್ರೊಟೆಕ್ಶನ್ ಮರಳಿ ಆನ್ ಮಾಡಿ. ಫಾಸ್ಟ್ ಸ್ಟಾರ್ಟಪ್ ಮಾತ್ರ ಆಫ್ ಇರಲಿ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮಲಗಿರುವುದಿಲ್ಲ, ಉಬುಂಟು ಆ ಪಾರ್ಟಿಶನ್ನಿನಲ್ಲಿ ಬರೆಯಲು ಒಪ್ಪುವುದಿಲ್ಲ.

ವಿಂಡೋಸ್ ನಿಮ್ಮ 512ನ್ನು 476 ಎಂದು ತೋರಿಸುತ್ತದೆ. ಕಂಪನಿ ಸಾವಿರದ ಲೆಕ್ಕ ಹಿಡಿಯುತ್ತದೆ, ವಿಂಡೋಸ್ 1024ರದು. ಅದರಲ್ಲಿ ವಿಂಡೋಸಿಗೆ 240, ಉಬುಂಟು ಕೂರುವ ಮುಖ್ಯ ಹೋಳಾದ ರೂಟಿಗೆ ಲಿನಕ್ಸಿನ ಎಕ್ಸ್ಟ್4 ಫಾರ್ಮ್ಯಾಟಿನಲ್ಲಿ 80, ಎರಡೂ ಕಡೆಯಿಂದ ಬಳಸಲು ವಿಂಡೋಸಿನ ಎನ್‌ಟಿಎಫ್‌ಎಸ್ ಫಾರ್ಮ್ಯಾಟಿನ ಪಾರ್ಟಿಶನ್ನಿಗೆ 120, ಉಳಿದ 35 ಚಿಲ್ಲರೆ ಹಾಗೇ ಖಾಲಿ. ನಿಮ್ಮ ಸ್ವಂತ ಫೈಲುಗಳು ಇರುವ ಹೋಮ್ ಫೋಲ್ಡರಿಗೆ ಬೇರೆ ಹೋಳು ಮಾಡಿ ಎಂದು ಹಲವರು ಹೇಳುತ್ತಾರೆ. ಒಬ್ಬರೇ ಬಳಸುವ ಲ್ಯಾಪ್‌ಟಾಪಿಗೆ ಅದು ಬೇಡ ಎನ್ನುವುದು ನಮ್ಮ ಮತ. ಒಂದು ಕಡೆ 30 ಜಿಬಿ ಖಾಲಿ ಬಿದ್ದಿದ್ದಾಗಲೇ ಇನ್ನೊಂದು ಕಡೆ ಜಾಗವಿಲ್ಲದೆ ಇನ್‌ಸ್ಟಾಲ್ ನಿಲ್ಲುತ್ತದೆ. ವಿಂಡೋಸಿನ ಪೇಜ್ ಫೈಲಿನಂಥ ಸ್ವ್ಯಾಪ್‌ಗೂ ಪಾರ್ಟಿಶನ್ ಬೇಡ, ಸ್ವ್ಯಾಪ್ ಫೈಲನ್ನು ಉಬುಂಟುವೇ ಮಾಡಿಕೊಳ್ಳುತ್ತದೆ. ಬೂಟ್ ಫೈಲುಗಳಿರುವ ಚಿಕ್ಕ ಇಎಫ್‌ಐ ಪಾರ್ಟಿಶನ್ ಈಗಾಗಲೇ ಇದೆ. ಅದನ್ನೇ ಇಬ್ಬರೂ ಹಂಚಿಕೊಳ್ಳಲಿ, ತಪ್ಪಿಯೂ ಫಾರ್ಮ್ಯಾಟ್ ಮಾಡಬೇಡಿ, ವಿಂಡೋಸ್ ಏಳುವುದಿಲ್ಲ.

ಉಬುಂಟು ಇನ್‌ಸ್ಟಾಲರಿನಲ್ಲಿ ಡಿಸ್ಕೇ ಕಾಣದಿದ್ದರೆ ಬಯಾಸ್‌ನಲ್ಲಿ ಡಿಸ್ಕ್ ನಿರ್ವಹಿಸುವ ಇಂಟೆಲ್ ಆರ್‌ಎಸ್‌ಟಿ ಅಥವಾ ವಿಎಂಡಿ ಆನ್ ಇರಬಹುದು. ಆಫ್ ಮಾಡುವ ಮೊದಲು ವಿಂಡೋಸನ್ನು ಮುಂದಿನ ಸಲ ಸೇಫ್ ಮೋಡಿನಲ್ಲಿ ಏಳುವಂತೆ ಹೊಂದಿಸಿ. ಇಲ್ಲದಿದ್ದರೆ ನೀಲಿ ಪರದೆ.

ಪ್ರಶ್ನೆ: ಎಸ್‌ಎಸ್‌ಡಿಯ ಕೊನೆಯಲ್ಲಿ 10 ಪರ್ಸೆಂಟ್ ಜಾಗವನ್ನು ಪಾರ್ಟಿಶನ್ ಮಾಡದೆ ಬಿಡಲೇಬೇಕೆ? ದುಡ್ಡು ಕೊಟ್ಟ ಜಾಗ ದಂಡವಲ್ಲವೆ?
— ಓದುಗರು, ಮುಧೋಳ

ಉತ್ತರ: ಬಿಡಲೇಬೇಕೆಂದಿಲ್ಲ. ಜಾಗ ಖಾಲಿ ಇರಬೇಕಾದದ್ದು ನಿಜ, ಅದು ಪಾರ್ಟಿಶನ್ನಿನ ಒಳಗಿದ್ದರೂ ನಡೆಯುತ್ತದೆ.

ಫ್ಲ್ಯಾಶ್ ಚಿಪ್ಪು ನಮ್ಮ ಶಾಲೆಯ ಪಾಟಿ ಇದ್ದಂತೆ. ಸಾಲು ಸಾಲಾಗಿ ಬರೆಯಬಹುದು, ಒರೆಸುವಾಗ ಇಡೀ ಪಾಟಿಯನ್ನೇ ಒರೆಸಬೇಕು. ಒಂದು ಸಾಲು ಎಂದರೆ 4ರಿಂದ 16 ಕೆಬಿಯ ಪೇಜ್. ನೂರಾರು ಪೇಜು ಸೇರಿ ಒಂದು ಬ್ಲಾಕ್, ಅದೇ ಪಾಟಿ. ನಡುವಿನ ಒಂದು ಸಾಲು ಬದಲಾದರೆ ಕಂಟ್ರೋಲರ್ ಹೊಸ ಸಾಲನ್ನು ಬೇರೆ ಪಾಟಿಯಲ್ಲಿ ಬರೆದು ಹಳೆಯದಕ್ಕೆ ಗೀಟು ಹಾಕುತ್ತದೆ. ಗೀಟು ಬಿದ್ದ ಸಾಲು ಹೆಚ್ಚಾದಾಗ, ಇನ್ನೂ ಬೇಕಾದ ಸಾಲುಗಳನ್ನು ಮತ್ತೊಂದು ಪಾಟಿಗೆ ಎತ್ತಿ ಬರೆದು ಹಳೆಯದನ್ನು ಒರೆಸುತ್ತದೆ. ಈ ಎತ್ತಿಡುವ ಕೆಲಸಕ್ಕೆ ಖಾಲಿ ಪಾಟಿ ಬೇಕು. ಗೋದಾಮಿನಲ್ಲಿ ಬಾಗಿಲವರೆಗೂ ಜೋಳದ ಚೀಲ ಒಟ್ಟಿದರೆ ಒಳಗಿನ ಒಂದು ಚೀಲ ತೆಗೆಯಲು ಹತ್ತು ಚೀಲ ಹೊರಗೆ ಹೊರಬೇಕಲ್ಲ, ಹಾಗೆ.

ಗೀಟು ಹಾಕಲು ಎಸ್‌ಎಸ್‌ಡಿಗೆ ಯಾವ ಸಾಲು ಬೇಡವಾಯಿತು ಎಂದು ಯಾರಾದರೂ ಹೇಳಬೇಕು. ಫೈಲ್ ಡಿಲೀಟ್ ಮಾಡಿದಾಗ ವಿಂಡೋಸ್ ಹೇಳುವ ಆ ಮಾತಿಗೆ ಟ್ರಿಮ್ ಎಂದು ಹೆಸರು. ವಿಂಡೋಸ್ 7ರಿಂದ ಇದು ತಾನಾಗಿಯೇ ನಡೆಯುತ್ತದೆ, ಉಬುಂಟುವಿನಲ್ಲಿ ವಾರಕ್ಕೊಮ್ಮೆ. ಟ್ರಿಮ್ ಸರಿಯಾಗಿ ಆಗುತ್ತಿದ್ದರೆ ಪಾರ್ಟಿಶನ್ನಿನೊಳಗಿನ ಖಾಲಿಯೂ ಹೊರಗಿನ ಖಾಲಿಯೂ ಕಂಟ್ರೋಲರಿಗೆ ಒಂದೇ. ಕಾರ್ಖಾನೆಯಲ್ಲೇ ಸ್ವಲ್ಪ ಗುಪ್ತವಾಗಿ ಬಿಟ್ಟಿರುತ್ತಾರೆ. ಚಿಪ್ಪು 1024ರ ಲೆಕ್ಕದ 256 ಜಿಬಿ, ಮಾರುವುದು ಸಾವಿರದ ಲೆಕ್ಕದ 256. ಈ ವ್ಯತ್ಯಾಸವೇ 7 ಪರ್ಸೆಂಟಿನಷ್ಟಾಯಿತು.

ಹಾಗಿದ್ದೂ ಹೊರಗೆ ಬಿಡಿ ಎನ್ನುವುದು ಕೈ ಕಟ್ಟಲಿಕ್ಕೆ. ಒಳಗಿದ್ದ ಜಾಗವನ್ನು ಯಾರೂ ಖಾಲಿ ಬಿಟ್ಟದ್ದಿಲ್ಲ. 10ರಿಂದ 15 ಪರ್ಸೆಂಟ್ ಸದಾ ಖಾಲಿ ಇಡುತ್ತೇನೆ ಎನ್ನುವ ಶಿಸ್ತು ನಿಮ್ಮಲ್ಲಿದ್ದರೆ ಪೂರ್ತಿ ಪಾರ್ಟಿಶನ್ ಮಾಡಿಕೊಳ್ಳಿ. ಒಂದು ಎಚ್ಚರ: ಮೊದಲು ಫೈಲ್ ತುಂಬಿದ್ದ ಪಾರ್ಟಿಶನ್ನನ್ನು ಬರೀ ಅಳಿಸಿ ಬಿಟ್ಟರೆ, ಆ ಹಳೆಯ ಫೈಲು ಇನ್ನೂ ಬೇಕೆಂದೇ ಎಸ್‌ಎಸ್‌ಡಿ ತಿಳಿದಿರಬಹುದು. ಆ ಜಾಗಕ್ಕೆ ಒಂದು ಪಾರ್ಟಿಶನ್ ಮಾಡಿ, ಕ್ವಿಕ್ ಫಾರ್ಮ್ಯಾಟ್ ಕೊಟ್ಟು, ಆಮೇಲೆ ಅಳಿಸಿ. ಫಾರ್ಮ್ಯಾಟ್ ಹೊತ್ತಿಗೆ ಟ್ರಿಮ್ ಹೋಗಿರುತ್ತದೆ.

ಪ್ರಶ್ನೆ: ಬೆಳಗಾವಿಯಲ್ಲಿ ಮದುವೆ ವಿಡಿಯೊ ಸ್ಟುಡಿಯೊ ನಡೆಸುತ್ತೇವೆ. 1 ಟಿಬಿ ಕ್ಯೂಎಲ್‌ಸಿ ಎನ್‌ವಿಎಂಇ, 690 ಜಿಬಿ ತುಂಬಿದೆ. ಕಾರ್ಡುಗಳಿಂದ 120 ಜಿಬಿ ಹಾಕುವಾಗ ಮೊದಲು ಭರ್ಜರಿ ಓಡಿ, ಸ್ವಲ್ಪ ಹೊತ್ತಿಗೆ ಸೆಕೆಂಡಿಗೆ 100 ಎಂಬಿಗೆ ಇಳಿಯುತ್ತದೆ. ಎಡಿಟಿಂಗ್ ತಂತ್ರಾಂಶ ತಾತ್ಕಾಲಿಕ ಫೈಲ್ ಇಡುವ ಕ್ಯಾಶ್‌ಗೆಂದು ಬೇರೆ ಪಾರ್ಟಿಶನ್ ಮಾಡಿದರೆ ಸರಿಹೋದೀತೆ? ಈಗ ಕಾರ್ಡಿನಿಂದ ‘ಡಿ’ಗೆ ಹಾಕಿ, ವಿಂಗಡಿಸಿ, ‘ಇ’ಗೆ ಕಟ್-ಪೇಸ್ಟ್ ಮಾಡುತ್ತೇವೆ.
— ಸ್ಟುಡಿಯೊದವರು, ಬೆಳಗಾವಿ

ಉತ್ತರ: ಪಾರ್ಟಿಶನ್ನಿನಿಂದ ಸರಿಹೋಗದು. ಕ್ಯೂಎಲ್‌ಸಿ ಎಂದರೆ ಒಂದು ಕೋಶದಲ್ಲಿ ನಾಲ್ಕು ಬಿಟ್. ಹಾಗೆ ಬರೆಯುವುದು ನಿಧಾನ. ಅದಕ್ಕೆ ಕಂಟ್ರೋಲರ್ ಖಾಲಿ ಕೋಶಗಳಲ್ಲಿ ಮೊದಲು ಒಂದೊಂದೇ ಬಿಟ್ ಸರಸರ ಬರೆದುಕೊಂಡು, ಬಿಡುವಾದಾಗ ನಾಲ್ಕನ್ನು ಒಂದಕ್ಕೆ ಒತ್ತರಿಸುತ್ತದೆ. ಹಾಗಾಗಿ ನಿಮ್ಮಲ್ಲಿ 400 ಜಿಬಿ ಖಾಲಿಯಿದ್ದರೆ ಹೆಚ್ಚೆಂದರೆ 100 ಜಿಬಿ ಜೋರಾಗಿ ಹೋಗಬಹುದು. ವಿಂಡೋಸ್ 1 ಟಿಬಿಯನ್ನು 931 ಜಿಬಿ ಎಂದು ತೋರಿಸುವುದರಿಂದ ಈಗಿರುವ ಖಾಲಿ ಸುಮಾರು 240, ಅದರ ಕಾಲುಭಾಗ 60. ಮಿತಿಯೇ ಅಷ್ಟು, ಕಂಪನಿ ಇನ್ನೂ ಕಡಿಮೆ ಇಟ್ಟಿರಲೂಬಹುದು. ಅದು ತುಂಬಿದ ಮೇಲೆ ಹೊಸದನ್ನು ಬರೆಯುವುದೂ ಹಳೆಯದನ್ನು ಒತ್ತರಿಸುವುದೂ ಒಟ್ಟಿಗೇ ನಡೆದು ವೇಗ ಬೀಳುತ್ತದೆ. ಮುಗಿದ ಮದುವೆಗಳನ್ನು ಹಾರ್ಡ್‌ಡಿಸ್ಕಿಗೆ ಇಳಿಸಿ ಅರ್ಧ ಖಾಲಿ ಮಾಡಿಕೊಳ್ಳುವುದೇ ಇದಕ್ಕೆ ಮದ್ದು.

ಆ ಕಟ್-ಪೇಸ್ಟ್ ಮೊದಲು ನಿಲ್ಲಿಸಿ. ಒಂದೇ ಪಾರ್ಟಿಶನ್ನಿನಲ್ಲಿ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಕಟ್ ಮಾಡಿದರೆ ಬದಲಾಗುವುದು ವಿಳಾಸ ಮಾತ್ರ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ‘ಡಿ’ಯಿಂದ ‘ಇ’ಗೆ ಮಾಡಿದರೆ, ಎರಡೂ ಒಂದೇ ಎಸ್‌ಎಸ್‌ಡಿಯಲ್ಲಿದ್ದರೂ, 120 ಜಿಬಿಯನ್ನೂ ಓದಿ ಮತ್ತೆ ಬರೆಯುತ್ತದೆ. ಈ ದರ್ಜೆಯ 1 ಟಿಬಿ ಕ್ಯೂಎಲ್‌ಸಿ ಡ್ರೈವುಗಳಲ್ಲಿ ಕೆಲವಕ್ಕೆ ಒಟ್ಟು 200 ಟಿಬಿ ಬರೆಯುವವರೆಗೆ ಮಾತ್ರ ವಾರಂಟಿ. ದಿನಕ್ಕೆ 120 ಜಿಬಿ ಬರೆದರೆ 1,666 ದಿನ, ಕಟ್-ಪೇಸ್ಟ್ ಸೇರಿ 240 ಆದರೆ 833 ದಿನ. ವಾರಂಟಿ ಮುಗಿದ ದಿನವೇ ಡ್ರೈವ್ ಸಾಯುತ್ತದೆ ಎಂದಲ್ಲ, ಆದರೆ ಹೋಳು ಮಾಡಿದ್ದಕ್ಕೆ ಕೊಡುತ್ತಿರುವ ಬೆಲೆ ಇದು. ಡಿ, ಇ ಎರಡನ್ನೂ ಸೇರಿಸಿ ಒಂದು ಮಾಡಿ.

ಕ್ಯಾಶ್ ಬೇರೆ ಇಡಬೇಕೆಂಬ ಎಡಿಟರುಗಳ ಮಾತು ಸರಿಯೇ. ಬೇರೆ ಎಂದರೆ ಬೇರೆ ಡ್ರೈವ್. 500 ಜಿಬಿಯ ಟಿಎಲ್‌ಸಿ (ಒಂದು ಕೋಶಕ್ಕೆ ಮೂರೇ ಬಿಟ್) ಎಸ್‌ಎಸ್‌ಡಿ ಒಂದನ್ನು ಕ್ಯಾಶ್‌ಗೆಂದೇ ಹಾಕಿಕೊಳ್ಳಿ. ಇನ್ನೊಂದು ಸಂಶಯವನ್ನೂ ನಿವಾರಿಸಿಕೊಳ್ಳಿ: ವೇಗ ಇಳಿದಾಗ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶದಲ್ಲಿ ಉಷ್ಣತೆ ನೋಡಿ. 75-80 ಡಿಗ್ರಿ ಸಮೀಪವಿದ್ದರೆ ಕಂಟ್ರೋಲರ್ ತಾನೇ ವೇಗ ತಗ್ಗಿಸುತ್ತಿದೆ. ಬೆಳಗಾವಿ ವಿಜಯಪುರದಷ್ಟು ಕಾಯುವ ಊರಲ್ಲ, ಆದರೆ ಗ್ರಾಫಿಕ್ಸ್ ಕಾರ್ಡಿನ ಕೆಳಗಿನ ಸ್ಲಾಟಿಗೆ ಎಲ್ಲ ಊರೂ ಒಂದೇ. ಚಿಕ್ಕ ಹೀಟ್‌ಸಿಂಕ್ ಅಂಟಿಸಿದರೆ ಸಾಕಾಗುತ್ತದೆ. ಅಂಟಿಸುವಾಗ ಪ್ಯಾಡಿನ ಮೇಲಿನ ಪ್ಲಾಸ್ಟಿಕ್ ಹಾಳೆ ತೆಗೆಯಲು ಮರೆಯಬೇಡಿ.

ಪ್ರಶ್ನೆ: ಕಂಪ್ಯೂಟರ್ ಫಾರ್ಮ್ಯಾಟ್ ಮಾಡುವಾಗ ತಪ್ಪಿ ‘ಡಿ’ಯನ್ನೂ ಫಾರ್ಮ್ಯಾಟ್ ಹೊಡೆದಿದ್ದಾರೆ. ಮನೆಯ ಫೋಟೊ ಎಲ್ಲ ಅದರಲ್ಲಿದ್ದವು. ಹಿಂದೊಮ್ಮೆ ಹಾರ್ಡ್‌ಡಿಸ್ಕಿನಿಂದ ಹೀಗೆಯೇ ವಾಪಸು ತೆಗೆಸಿದ್ದೆವು. ಎಸ್‌ಎಸ್‌ಡಿಯಿಂದ ಬರುತ್ತವೆಯೆ?
— ಓದುಗರು, ಜಮಖಂಡಿ

ಉತ್ತರ: ಆಸೆ ಬಹಳ ಕಡಿಮೆ. ಹಾರ್ಡ್‌ಡಿಸ್ಕಿನಲ್ಲಿ ಕ್ವಿಕ್ ಫಾರ್ಮ್ಯಾಟ್ ಎಂದರೆ ಪಟ್ಟಿ ಹರಿದುಹಾಕಿದ ಹಾಗೆ, ಸಾಮಾನು ಅಲ್ಲೇ ಇರುತ್ತಿತ್ತು. ಎಸ್‌ಎಸ್‌ಡಿಯಲ್ಲಿ ಫಾರ್ಮ್ಯಾಟ್ ಜೊತೆಗೇ ಟ್ರಿಮ್ ಹೋಗುತ್ತದೆ. ಮೇಲೆ ಹೇಳಿದ ಪಾಟಿಗಳನ್ನು ಕಂಟ್ರೋಲರ್ ಬಿಡುವಾದಾಗ ಒರೆಸಿಬಿಡುತ್ತದೆ, ನೀವು ಏನೂ ಮಾಡದೆ ಸುಮ್ಮನೆ ಆನ್ ಇಟ್ಟಿದ್ದರೂ. ಈಗಲೇ ಆಫ್ ಮಾಡಿ, ವೈರ್ ಕಿತ್ತು, ಡೇಟಾ ರಿಕವರಿ ಗೊತ್ತಿರುವವರಿಗೆ ತೋರಿಸಿ. ಯುಎಸ್‌ಬಿ ಮೂಲಕ ಜೋಡಿಸಿದ ಎಸ್‌ಎಸ್‌ಡಿಯಾಗಿದ್ದರೆ ಸ್ವಲ್ಪ ಭರವಸೆ ಇಟ್ಟುಕೊಳ್ಳಬಹುದು, ಎಷ್ಟೋ ಯುಎಸ್‌ಬಿ ಡಬ್ಬಿಗಳು ಟ್ರಿಮ್ ಅನ್ನು ದಾಟಿಸುವುದೇ ಇಲ್ಲ. ಮೊದಲು ಮೊಬೈಲು, ವಾಟ್ಸ್‌ಆ್ಯಪ್, ಹಳೆಯ ಪೆನ್‌ಡ್ರೈವ್, ಸ್ಟುಡಿಯೊದವರ ಹತ್ತಿರ ಉಳಿದಿರಬಹುದಾದ ಪ್ರತಿ ಎಲ್ಲ ಹುಡುಕಿಸಿ. ಹಾಗೆ ಸಿಗುವ ಫೋಟೊಗಳೇ ಹೆಚ್ಚು.